ಜನವರಿ 1ಕ್ಕೆ ಲೆಕ್ಕ ಬರೆಯೋಕ್ ಶುರು ಮಾಡ್ತೀನಿ, ಸಂಕ್ರಾಂತಿಗೆ ನಿಂತೋಗುತ್ತೆ, ಏನ್ ಮಾಡ್ಲಿ?

ಹಾಸನ್_ಹೈದ:
ನಮಸ್ಕಾರ ಎಲ್ರಿಗೂ. ಹಾಸನದಲ್ಲೇ ಒಂದು ಪ್ರೈವೇಟ್ ಕಂಪನಿಲಿ ಕೆಲಸ, ಕೈಗೆ 27 ಸಾವಿರ ಬರುತ್ತೆ, ರೂಮಲ್ಲಿ ಇಬ್ರು ಇದೀವಿ ನನ್ ಪಾಲಿನ ಬಾಡಿಗೆ 4 ಸಾವಿರ, ಊರಲ್ಲಿ ಅಮ್ಮಂಗೆ 5 ಸಾವಿರ ಕಳಿಸ್ತೀನಿ, ಫೋನಿನ ಇಎಂಐ 1,800 ಮೇವರೆಗೂ ಇದೆ. ಮಿಕ್ಕಿದ್ದು ಎಲ್ಲೋಗುತ್ತೆ ದೇವ್ರಾಣೆ ಗೊತ್ತಿಲ್ಲ, 20ನೇ ತಾರೀಖಿಗೆ ಅಕೌಂಟಲ್ಲಿ ಮೂರಂಕಿ. ಪ್ರತಿ ವರ್ಷ ಡೈರಿ ತಂದು ಖರ್ಚು ಬರೀತೀನಿ. ಹೋದ್ವರ್ಷದ್ದು ನಿನ್ನೆ ಕೈಗೆ ಸಿಕ್ತು, ಕೊನೇ ಸಾಲು ಜನವರಿ 13ರದ್ದು, "ಎಳ್ಳು ಬೆಲ್ಲ 120, ಪೆಟ್ರೋಲ್ 200, ಟೀ" ಅಂತಿದೆ, ಟೀಗೆ ಎಷ್ಟಾಯ್ತು ಅಂತಾನೂ ಬರ್ದಿಲ್ಲ ಅಲ್ಲಿಗೇ ಸುಸ್ತು. ಇದರ ಮೇಲೆ ಕ್ರೆಡಿಟ್ ಕಾರ್ಡಲ್ಲಿ 38 ಸಾವಿರ ಬಾಕಿ, ಮಿನಿಮಮ್ ಡ್ಯೂ, ಅಂದ್ರೆ ತಿಂಗಳಿಗೆ ಕಟ್ಲೇಬೇಕಾದ ಕನಿಷ್ಠ ಮೊತ್ತ, ಅಷ್ಟೇ ಕಟ್ಕೊಂಡ್ ಬರ್ತಿದೀನಿ. ಒಬ್ಬ ಫ್ರೆಂಡು ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಎಸ್‌ಐಪಿ ಹಾಕು ಅಂತಾನೆ, ಇನ್ನೊಬ್ಬ ಚೀಟಿ ಹಾಕು ಅಂತಾನೆ. ಈ ವರ್ಷನಾದ್ರೂ ಸರಿ ಮಾಡ್ಕೋಬೇಕು, ಯಾವ್ದು ಮೊದ್ಲು?

ಲೆಕ್ಕದ_ಮೇಷ್ಟ್ರು:
ಡೈರಿ ಬಿಸಾಕು, ಎಸ್‌ಐಪಿನೂ ಬಿಡು, ಮೊದ್ಲು ಆ ಕಾರ್ಡ್ ನೋಡು. ಸ್ಟೇಟ್‌ಮೆಂಟಲ್ಲಿ ಬಡ್ಡಿ ಎಷ್ಟು ಅಂತ ಹುಡುಕು, ಬಹಳ ಕಾರ್ಡಲ್ಲಿ ತಿಂಗಳಿಗೆ 3.5 ಪರ್ಸೆಂಟ್ ಆಸುಪಾಸು ಇರುತ್ತೆ, ವರ್ಷಕ್ಕೆ 42 ಆಯ್ತು. 38 ಸಾವಿರಕ್ಕೆ ತಿಂಗಳ ಬಡ್ಡಿ 1,330, ಅದ್ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 239, ಒಟ್ಟು 1,569. ನಿನ್ ಮಿನಿಮಮ್ ಡ್ಯೂ 5 ಪರ್ಸೆಂಟ್ ಅಂತಿಟ್ಕೋ, 1,900 ಕಟ್ತೀಯ, ಸಾಲ ಇಳಿಯೋದು 331 ರೂಪಾಯಿ ಅಷ್ಟೇ. ಅದೂ ಹೊಸದಾಗಿ ಏನೂ ಉಜ್ಜದೆ ಇದ್ರೆ. ಬಾಕಿ ಇಟ್ಕೊಂಡಿರೋವಾಗ ಹೊಸದಾಗಿ ತಗೊಂಡಿದ್ದಕ್ಕೆ ಆ 45 ದಿನ 50 ದಿನ ಬಡ್ಡಿ ಇಲ್ಲ ಅನ್ನೋ ಸವಲತ್ತೂ ಸಿಗಲ್ಲ, ತಗೊಂಡ ದಿನದಿಂದ್ಲೇ ಮೀಟರ್ ಓಡುತ್ತೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ತಿಂಗಳಿಗೆ 8 ಸಾವಿರ ತಳ್ಳು. ಜನವರಿಯಿಂದ ಮೇವರೆಗೆ ಐದು ಸಲ, ಜೂನಲ್ಲಿ 3 ಸಾವಿರ ಚಿಲ್ಲರೆ, ಚುಕ್ತಾ. ಕಷ್ಟ ಅನ್ನಿಸಿದ್ರೆ ಬಾಕಿನ ಇಎಂಐ ಮಾಡಿಕೊಡ್ತೀರಾ ಅಂತ ಬ್ಯಾಂಕಿಗೆ ಫೋನ್ ಹಾಕು, ಸುಮಾರು ಸಲ ಬಡ್ಡಿ ಅರ್ಧಕ್ಕೆ ಇಳಿಯುತ್ತೆ. ಶಾಪಿಂಗ್ ಆ್ಯಪಲ್ಲಿ ಸೇವ್ ಆಗಿರೋ ಕಾರ್ಡ್ ನಂಬರ್ ಇವತ್ತೇ ಡಿಲೀಟ್ ಮಾಡು.

ಬೇಲೂರ್_ಅಕ್ಕ:
ಚೀಟಿ ವಿಷ್ಯಕ್ಕೆ ನಾನ್ ಹೇಳ್ತೀನಿ ತಮ್ಮ. ನಮ್ ಬೀದಿಲೇ ಒಬ್ರು ನಡೆಸ್ತಿದ್ರು, ತಿಂಗಳಿಗೆ 2 ಸಾವಿರ, ಹೆಣ್ಮಕ್ಳೇ ಇಪ್ಪತ್ ಜನ, ನಾನು ಕೊನೇಲಿ ಎತ್ತಿದ್ರೆ ಜಾಸ್ತಿ ಸಿಗುತ್ತೆ ಅಂತ ಆಸೆಪಟ್ಟು ಕಾದೆ. ಹದಿನೇಳನೇ ತಿಂಗಳು ಬಾಗಿಲಿಗೆ ಬೀಗ. ಗ್ಯಾಸ್ ಸ್ಟೌ ಸಮೇತ ರಾತ್ರೋರಾತ್ರಿ ಖಾಲಿ ಮಾಡಿದ್ರು ಪುಣ್ಯಾತ್ಗಿತ್ತಿ. ನನ್ ಹತ್ರ ಇದ್ದಿದ್ದು ಒಂದು ಕೈಬರಹದ ಪುಸ್ತಕ, ಅದನ್ ಹಿಡ್ಕೊಂಡ್ ಯಾರನ್ ಕೇಳ್ಲಿ. ಚೀಟಿನೇ ಬೇಕು ಅಂದ್ರೆ 1982ರ ಕಾಯ್ದೆ ಕೆಳಗೆ ರಿಜಿಸ್ಟರ್ ಆಗಿರೋದನ್ನೇ ಹಾಕು, ಬಾಯ್ಮಾತಿಂದು ಬೇಡ್ವೇ ಬೇಡ.

ಈಗ ನಾನು ಪೋಸ್ಟಾಫೀಸ್ ಆರ್‌ಡಿ ಕಟ್ತೀನಿ. ತಿಂಗಳು ತಿಂಗಳು ಇಷ್ಟು ಅಂತ ಕಟ್ಟೋದು, 100 ರೂಪಾಯಿಯಿಂದ ಶುರು, 60 ಕಂತು. 6.7 ಪರ್ಸೆಂಟ್ ಲೆಕ್ಕದಲ್ಲಿ 2 ಸಾವಿರದಂಗೆ ಐದು ವರ್ಷ ಕಟ್ಟಿದ್ರೆ 1,20,000 ಹೋಗಿ 1,42,700 ಚಿಲ್ಲರೆ ಬರುತ್ತೆ. 12 ಕಂತು ಆದ್ಮೇಲೆ ಅದ್ರಲ್ಲಿರೋ ದುಡ್ಡಿನ ಅರ್ಧದಷ್ಟು ಸಾಲನೂ ಎತ್ಬಹುದು, ಮಗಳ ಫೀಸಿಗೆ ನಾನ್ ಹಂಗೇ ಮಾಡಿದ್ದು.

ಲೆಕ್ಕದ_ಮೇಷ್ಟ್ರು:
ಅಕ್ಕ ತಪ್ ತಿಳ್ಕೋಬೇಡಿ, 42 ಪರ್ಸೆಂಟ್ ಸಾಲ ಇಟ್ಕೊಂಡು 6.7ಕ್ಕೆ ಆರ್‌ಡಿ ಕಟ್ಟೋದು ತೂತು ಬಿದ್ದಿರೋ ಬಿಂದಿಗೆಗೆ ನೀರು ಹುಯ್ದಂಗೆ.

ಬೇಲೂರ್_ಅಕ್ಕ:
ಲೆಕ್ಕ ನಿಮ್ದೇ ಸರಿ ಮೇಷ್ಟ್ರೇ. ಆದ್ರೆ ಆ ಹುಡುಗ ಇವತ್ತಿನ್ ತನಕ ಒಂದ್ ರೂಪಾಯಿ ಕೂಡಿಟ್ಟಿಲ್ಲ. ಕೈಯಲ್ಲಿ ಏನೂ ಇಲ್ದೆ ಎಲ್ಲಾ ಕಾರ್ಡಿಗೇ ಕಟ್ಟಿ, ನಾಳೆ ಬೈಕ್ ಕೆಟ್ರೆ ಮತ್ತೆ ಅದೇ ಕಾರ್ಡ್ ಉಜ್ತಾನೆ. 500 ಆದ್ರೂ ಪಕ್ಕಕ್ಕಿಡ್ಲಿ ಬಿಡಿ.

ರೋಬಸ್ಟಾ_ಮೂಡಿಗೆರೆ:
ಹೊಸ ವರ್ಷ ಅಂದ್ರೆ ಯುಗಾದಿ ಕಣಪ್ಪ, ಜನವರಿಲಿ ನಮಗೆ ಉಸಿರಾಡೋಕ್ ಪುರ್ಸೊತ್ತಿಲ್ಲ, ಅರೇಬಿಕಾ ಕುಯ್ದು ಮುಗಿಯೋದ್ರೊಳಗೆ ರೋಬಸ್ಟಾ ಹಣ್ಣಾಗಿರುತ್ತೆ. ಆದ್ರೂ ಒಂದ್ ಮಾತು. ನಿಮಗೆ ತಿಂಗಳಿಗೊಂದ್ಸಲ ಬರೋ ದುಡ್ಡು ನಮಗೆ ವರ್ಷಕ್ಕೊಂದ್ಸಲ. ಕಾಫಿ ಮಾರಿದ ತಿಂಗಳು ಎಲ್ರೂ ರಾಜ್ರೇ ಮಾರಾಯ, ಹೊಸ ಟಿವಿ ಏನು, ಮದ್ವೆಗೆ ಮುಯ್ಯಿ ಏನು, ಆಮೇಲೆ ಮಳೆ ಹಿಡಿಯೋಕ್ ಮುಂಚೆ ಗಿಡಕ್ಕೆ ಬೋರ್ಡೋ ಔಷಧಿ ಹೊಡ್ಸೋ ಹೊತ್ತಿಗೆ ಅದಕ್ಕೆ ಬೇಕಾದ ಮೈಲುತುತ್ತಕ್ಕೂ ಅಂಗಡಿಲಿ ಸಾಲ. ನಮ್ಮಪ್ಪನೂ ಹಂಗೇ, ನಾನೂ ಹತ್ತು ವರ್ಷ ಹಂಗೇ. ಈಗ ಕಾಫಿ ಚೆರ್ರಿ ಮಾರಿದ್ ದುಡ್ಡು ಒಂದು ಅಕೌಂಟಿಗೆ ಬೀಳುತ್ತೆ, ಅದಕ್ಕೆ ಎಟಿಎಂ ಕಾರ್ಡೂ ಇಲ್ಲ ಯುಪಿಐನೂ ಇಲ್ಲ, ಅಲ್ಲಿಂದ ತಿಂಗಳು ತಿಂಗಳು ನನಗೆ ನಾನೇ ಸಂಬಳ ಕೊಟ್ಕೋತೀನಿ. ಮೆಣಸಿಂದು ಮುಟ್ಟೋ ಹಂಗೇ ಇಲ್ಲ, ಅದು ಆಸ್ಪತ್ರೆಗೆ. ನೀನೂ ಗೂಗಲ್ ಪೇ ಇರೋ ಅಕೌಂಟಿಗೆ ವಾರದ ಖರ್ಚಷ್ಟೇ ಹಾಕ್ಕೋ ಮಾರಾಯ, ಬರೆಯೋ ಕೆಲಸನೇ ಇರಲ್ಲ.

ಚಿಕ್ಮಗ್ಳೂರ್_ಚಳಿ:
ಟೀ ಬಿಟ್ಟು ಕಾಫಿ ಕುಡಿ, ಅದನ್ನಾದ್ರೂ ಪೂರ್ತಿ ಬರೀತೀಯೇನೋ.

ಹಾಸನ್_ಹೈದ:
ಹ್ಹಹ್ಹ ಆಯ್ತು. ಎಲ್ರಿಗೂ ಥ್ಯಾಂಕ್ಸ್. ಸ್ಟೇಟ್‌ಮೆಂಟ್ ತೆಗೆದ್ ನೋಡ್ದೆ, ಮೇಷ್ಟ್ರು ಹೇಳಿದ್ ಬಡ್ಡಿನೇ ಇದೆ, ಒಂದೂವರೆ ವರ್ಷದಿಂದ ಕಟ್ಟಿದ್ದೆಲ್ಲ ಕೂಡಿ ಹೊಟ್ಟೆ ಉರೀತು. ಇನ್ಮೇಲೆ ಕಾರ್ಡಿಗೆ 8 ಸಾವಿರ, ಆರ್‌ಡಿ 500, ಎರಡೂ ಸಂಬಳ ಬಂದ ದಿನಾನೇ. ಹಳೇ ಕಾಲೇಜ್ ಅಕೌಂಟ್ ಒಂದಿದೆ, ವಾರಕ್ಕೆ ಒಂದೂವರೆ ಸಾವಿರ ಅದಕ್ಕೆ ಹಾಕ್ಕೊಂಡು ಯುಪಿಐ ಅದರಿಂದಷ್ಟೇ ಮಾಡೋದು ಅಂತಿದೀನಿ. ಒಂದೇ ಡೌಟು, ಸಂಬಳ ಒಂದೊಂದ್ ತಿಂಗಳು 7ಕ್ಕೆ ಒಂದೊಂದ್ ತಿಂಗಳು 10ಕ್ಕೆ ಬರುತ್ತೆ, ಆರ್‌ಡಿ ತಪ್ಪೋದ್ರೆ?

ಬೇಲೂರ್_ಅಕ್ಕ:
15ನೇ ತಾರೀಖಿನ ಒಳಗೆ ಅಕೌಂಟ್ ತೆಗೆದ್ರೆ ಪ್ರತಿ ತಿಂಗಳು 15ರ ತನಕ ಟೈಮಿರುತ್ತೆ, 15 ದಾಟಿ ತೆಗೆದ್ರೆ ತಿಂಗಳ ಕೊನೇ ವರ್ಕಿಂಗ್ ಡೇವರೆಗೂ. ತಪ್ಪಿದ್ರೆ 100ಕ್ಕೆ 1 ರೂಪಾಯಿ ದಂಡ, ನಿಂಗೆ 5 ರೂಪಾಯಿ. ಆಧಾರ್, ಪ್ಯಾನು, ಎರಡು ಫೋಟೋ ತಗೊಂಡ್ ಹೋಗು, ಮಧ್ಯಾಹ್ನದ ಮೇಲೆ ಹೋಗ್ಬೇಡ ನಮ್ ಕಡೆ ಸರ್ವರ್ ಕೈಕೊಡುತ್ತೆ.