ಇಷ್ಟು ದೊಡ್ಡ ಸಮುದ್ರ ಇದ್ದೂ ಕಿರಿಬಾಟಿ ಯಾಕೆ ಬಡ ದೇಶ?

ವಾಸ್ಕೋ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ವಾಸ್ಕೋದಲ್ಲಿ ಹೈಸ್ಕೂಲ್ ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತೇನೆ. ಬೈನಾ, ಝುವಾರಿನಗರದ ಮಕ್ಕಳೇ ಜಾಸ್ತಿ, ಅವರಲ್ಲಿ ಬಹಳಷ್ಟು ಮಂದಿಯ ಊರು ಬಾಗಲಕೋಟೆ, ವಿಜಯಪುರ, ಗದಗ ಕಡೆ. ಪೆಸಿಫಿಕ್ ದ್ವೀಪಗಳ ಪಾಠದಲ್ಲಿ ಕಿರಿಬಾಟಿ ಬಂತು. 33 ದ್ವೀಪ. ಎಲ್ಲಾ ಸೇರಿಸಿದರೂ ನೆಲ 811 ಚದರ ಕಿ.ಮೀ., ನಮ್ಮ ಗೋವಾದ ಕಾಲು ಭಾಗವೂ ಇಲ್ಲ. ಆದರೆ ಅವರ ಹಕ್ಕಿನ ಸಮುದ್ರ ಸುಮಾರು 35 ಲಕ್ಷ ಚದರ ಕಿ.ಮೀ., ಇಡೀ ಭಾರತದ ನೆಲಕ್ಕಿಂತ ದೊಡ್ಡದು! ಒಬ್ಬ ಹುಡುಗಿ, ಅವಳ ಅಪ್ಪ ಖಾರೆವಾಡೋ ಜೆಟ್ಟಿಯಲ್ಲಿ ಟ್ರಾಲರ್ ಮೇಲೆ ಕೆಲಸ ಮಾಡುತ್ತಾರೆ, ಎದ್ದು ನಿಂತು "ಅಷ್ಟು ಮೀನಿದ್ದರೂ ಅವರು ಯಾಕೆ ಬಡವರು ಮಿಸ್" ಅಂತ ಕೇಳಿದಳು. ಒಂದು ಸಾಲಿನ ಉತ್ತರ ಕೊಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ. ಹುಡುಕಿದರೆ ಎಲ್ಲಾ ಕಡೆ "ಮುಳುಗುತ್ತಿರುವ ದೇಶ" ಅಂತಲೇ ಇದೆ. ಸಮುದ್ರ ಏರುವುದಕ್ಕೆ ಮೊದಲೂ ಬಡತನ ಇತ್ತಲ್ವಾ? ಗೊತ್ತಿದ್ದವರು ಹೇಳಿ.

ನವಿ ಮುಂಬೈ ಖಲಾಸಿ:

ಮೇಡಂ, ಒಳ್ಳೆ ಪ್ರಶ್ನೆ. ಜರ್ಮನ್ ಮಾಲೀಕರ ಕಂಟೇನರ್ ಹಡಗುಗಳಲ್ಲಿ ಕಿರಿಬಾಟಿ ಹುಡುಗರ ಜೊತೆ ಕೆಲಸ ಮಾಡಿದ್ದೇನೆ. ಅಲ್ಲಿ ಬೆಟಿಯೊ ಅನ್ನೋ ಜಾಗದಲ್ಲಿ 1967ರಿಂದ ನಾವಿಕರ ತರಬೇತಿ ಶಾಲೆ ಇದೆ, ಜರ್ಮನ್ ಕಂಪನಿಗಳು ಅಲ್ಲಿಂದಲೇ ಜನ ತೆಗೆದುಕೊಳ್ಳುತ್ತಿದ್ದವು. ತುಂಬಾ ಗಟ್ಟಿ ಕೆಲಸಗಾರರು. ಒಬ್ಬನ ಪಗಾರದಲ್ಲಿ ಅಪ್ಪ, ಅಮ್ಮ, ತಂಗಿಯ ಮಕ್ಕಳು, ಚಿಕ್ಕಪ್ಪನ ಮನೆ ಎಲ್ಲಾ ನಡೆಯುತ್ತಿತ್ತು. 2008ರ ನಂತರ ಹಡಗು ವ್ಯಾಪಾರ ಬಿದ್ದಾಗ ಅವರ ಕೆಲಸಗಳೂ ಕಡಿಮೆಯಾದವು. ಕಾರಣ ಸರಳ. ಮುಂಬೈಯಿಂದ ಅಥವಾ ಮನಿಲಾದಿಂದ ಒಬ್ಬನನ್ನು ಹಡಗಿಗೆ ಮುಟ್ಟಿಸುವ ಖರ್ಚು ಕಡಿಮೆ. ಕಿರಿಬಾಟಿಯ ರಾಜಧಾನಿ ಇರುವ ತರಾವಾ ದ್ವೀಪದಿಂದ ಕರೆತರಲು ವಿಮಾನವೇ ಅಪರೂಪ, ಟಿಕೆಟ್ ದುಬಾರಿ. ಕೋವಿಡ್‌ನಲ್ಲಿ ಆ ದೇಶ ಗಡಿ ಮುಚ್ಚಿತು. ನೂರಾರು ನಾವಿಕರು ಊರಿಗೆ ಹೋಗಲಾಗದೆ ಹ್ಯಾಂಬರ್ಗ್‌ನಂಥ ಜಾಗದಲ್ಲಿ ತಿಂಗಳುಗಟ್ಟಲೆ ಉಳಿದರು. ಆ ಸಂಕಟ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನನ್ನ ಪ್ರಕಾರ ಮೊದಲ ಶತ್ರು ದೂರ. ಒಂದೇ ದೇಶದ ತರಾವಾ ಮತ್ತು ಕಿರಿಟಿಮಾಟಿ ದ್ವೀಪಗಳ ನಡುವೆ 3,000 ಕಿ.ಮೀ.ಗೂ ಹೆಚ್ಚು ನೀರು. ಮೀನು ಕಾರ್ಖಾನೆ ಹಾಕಬೇಕು ಅಂದರೆ ಐಸ್ ಬೇಕು, ಕರೆಂಟ್ ಬೇಕು, ಸಿಹಿನೀರು ಬೇಕು. ಡೀಸೆಲ್‌ನಿಂದ ಅಕ್ಕಿಯವರೆಗೆ ಎಲ್ಲಾ ಹಡಗಿನಲ್ಲೇ ಬರಬೇಕು. ಇನ್ನೊಂದು, ಅಲ್ಲಿ ಬುಬುತಿ ಅನ್ನೋ ಪದ್ಧತಿ ಇದೆ, ನೆಂಟರು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನುವಂತಿಲ್ಲ. ಹುಡುಗರ ಕೈಯಲ್ಲಿ ದುಡ್ಡು ನಿಲ್ಲುತ್ತಲೇ ಇರಲಿಲ್ಲ.

ಪುಣೆ ಲೆಕ್ಕಪತ್ರ:

ದೂರ ಸರಿ, ಆದರೆ ಮೀನಿನ ಲೆಕ್ಕ ಹೇಳದೆ ಇದು ಪೂರ್ತಿ ಆಗಲ್ಲ. ಮೀನು ಅವರದು, ಹಡಗು ಅವರದಲ್ಲ. ಟ್ಯೂನಾ ಹಿಡಿಯುವುದು ಜಪಾನ್, ಕೊರಿಯಾ, ತೈವಾನ್ ಥರದ ದೇಶಗಳ ದೊಡ್ಡ ಹಡಗುಗಳು. ಕಿರಿಬಾಟಿಗೆ ಸಿಗುವುದು ಲೈಸೆನ್ಸ್ ದುಡ್ಡು. ಮೊದಲು ಈ ಹಡಗುಗಳವರು ಒಂದೊಂದು ದ್ವೀಪ ದೇಶವನ್ನೂ ಬೇರೆ ಬೇರೆ ಕೂರಿಸಿ ಕಡಿಮೆ ರೇಟಿಗೆ ಒಪ್ಪಿಸುತ್ತಿದ್ದರು. ನೌರು ಒಪ್ಪಂದ ಅನ್ನೋ ಮೀನುಗಾರಿಕೆ ಕರಾರಿಗೆ ಸೇರಿದ, ಕಿರಿಬಾಟಿಯೂ ಇರುವ ಎಂಟು ದೇಶಗಳು ಒಟ್ಟಾಗಿ, ಒಂದು ಹಡಗು ಒಂದು ದಿನ ಮೀನು ಹಿಡಿಯಬೇಕಾದರೆ ಇಂತಿಷ್ಟು ಅಂತ ನಿಗದಿ ಮಾಡಿದವು. ಆಮೇಲೆ ಆ ಕನಿಷ್ಠ ದರ ದಿನಕ್ಕೆ 8,000 ಅಮೆರಿಕನ್ ಡಾಲರ್‌ಗೆ ಬಂತು. ಆದಾಯ ಹಲವು ಪಟ್ಟು ಏರಿತು. ಸಣ್ಣ ದೇಶಗಳು ಒಗ್ಗಟ್ಟಾಗಿ ಗೆದ್ದ ಇಂಥ ಉದಾಹರಣೆ ಜಗತ್ತಿನಲ್ಲೇ ಕಡಿಮೆ, ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಹಳೆಯ ಕತೆ ಇನ್ನೂ ನೋವಿನದು. ಕಿರಿಬಾಟಿಯದೇ ಬನಾಬಾ ಅಂತ ಸುಮಾರು 6 ಚದರ ಕಿ.ಮೀ. ದ್ವೀಪ. ಅಲ್ಲಿ 1900ರಿಂದ 1979ರವರೆಗೆ ಫಾಸ್ಫೇಟ್ ಅಗೆದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹೊಲಗಳಿಗೆ ಅಗ್ಗದ ಗೊಬ್ಬರ ಹೋಯಿತು. ದ್ವೀಪದ ಜನರನ್ನು 1945ರಲ್ಲಿ ಫಿಜಿಯ ರಾಬಿ ದ್ವೀಪಕ್ಕೆ ಸಾಗಿಸಿದರು. 1979 ಜುಲೈ 12ಕ್ಕೆ ಕಿರಿಬಾಟಿಗೆ ಬ್ರಿಟಿಷರಿಂದ ಸ್ವಾತಂತ್ರ್ಯ ಬಂತು, ಅದೇ ವರ್ಷ ಗಣಿಯೂ ಮುಗಿಯಿತು. ಉಳಿದದ್ದು ಒಂದೇ ಒಳ್ಳೆಯದು: 1956ರಲ್ಲಿ ಆ ಫಾಸ್ಫೇಟ್ ದುಡ್ಡಿನಿಂದ ಶುರು ಮಾಡಿದ ಮೀಸಲು ನಿಧಿ. ಅದು ಇವತ್ತಿಗೂ ಇದೆ, ಬೆಳೆದೂ ಇದೆ. ಪಕ್ಕದ ನೌರು ನೋಡಿ. ಅಲ್ಲೂ ಫಾಸ್ಫೇಟ್, ಒಂದು ಕಾಲಕ್ಕೆ ತಲಾ ಆದಾಯದಲ್ಲಿ ಜಗತ್ತಿನ ಶ್ರೀಮಂತರ ಸಾಲಿನಲ್ಲಿದ್ದರು. ಮೆಲ್ಬರ್ನ್‌ನಲ್ಲಿ 52 ಮಹಡಿಯ ಕಟ್ಟಡ ಕಟ್ಟಿಸಿದರು. ದುಡ್ಡು ಸರಿಯಾಗಿ ಕಾಯದೆ 2004ರಲ್ಲಿ ಅದನ್ನೂ ಮಾರಿದರು.

ಗೋವಾದವರಿಗೆ ಇದು ದೂರದ ವಿಷಯ ಅಲ್ಲ. ಕಬ್ಬಿಣದ ಅದಿರು ಮಾರಿದ ಹಣದಲ್ಲಿ ಶೇ. 10ರಷ್ಟು ಶಾಶ್ವತ ನಿಧಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದು ಇದೇ ಯೋಚನೆಯಿಂದ. ಅಗೆದ ಮೇಲೆ ಅದಿರು ವಾಪಸ್ ಬೆಳೆಯಲ್ಲ.

ಮಡಗಾಂವ್ ನರ್ಸ್:

ಖಲಾಸಿ ಅಣ್ಣ, ಬುಬುತಿ ಬಗ್ಗೆ ನಿಮ್ಮ ಮಾತು ನಾನು ಒಪ್ಪಲ್ಲ. ಇನ್ಶೂರೆನ್ಸ್ ಇಲ್ಲ, ದೊಡ್ಡ ಆಸ್ಪತ್ರೆ ಇಲ್ಲ, ಕೆಲಸ ಇಲ್ಲ ಅನ್ನೋ ಕಡೆ ನೆಂಟರು ಕೊಡುವುದೇ ಕಾಪಾಡುವುದು. ಅದು ಇಲ್ಲದಿದ್ದರೆ ಹಸಿವು ಕಣ್ಣಿಗೆ ಬೀಳುತ್ತಿತ್ತು. ನಮ್ಮ ಜನ ಊರಿನಿಂದ ಬೈನಾಕ್ಕೆ ಬಂದಾಗ ಮೊದಲ ತಿಂಗಳು ಉಂಡದ್ದು ಯಾರ ಮನೆಯಲ್ಲಿ?

ನಾನು ಹೇಳಬೇಕು ಅಂದುಕೊಂಡಿದ್ದು ನೀರಿನ ಬಗ್ಗೆ. ಅಲ್ಲಿ ನದಿಯೇ ಇಲ್ಲ. ಮಳೆ ನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ, ಬಾವಿಗೆ ಸಿಗುವುದು ಅದೇ. ದಕ್ಷಿಣ ತರಾವಾದಲ್ಲಿ ದೇಶದ ಅರ್ಧದಷ್ಟು ಜನ ಒತ್ತಿಕೊಂಡು ಬದುಕುತ್ತಾರೆ, ಶಾಲೆ, ಆಸ್ಪತ್ರೆ, ಸರ್ಕಾರಿ ಕೆಲಸ ಎಲ್ಲಾ ಅಲ್ಲೇ ಇರುವುದರಿಂದ. ಬಾವಿ ಪಕ್ಕದಲ್ಲೇ ಶೌಚದ ಗುಂಡಿ, ಹಂದಿ ಗೂಡು. ಮಕ್ಕಳಿಗೆ ಭೇದಿ ಆಗದೆ ಇನ್ನೇನಾಗುತ್ತದೆ? ನಲ್ಲಿ ನೀರು ಬಹಳ ವರ್ಷ ದಿನ ಬಿಟ್ಟು ದಿನ ಒಂದೆರಡು ಗಂಟೆ ಬರುತ್ತಿತ್ತು. 2022ರಲ್ಲಿ ಬರ ಬಿದ್ದು ಸರ್ಕಾರ ವಿಪತ್ತು ಘೋಷಿಸಬೇಕಾಯಿತು. ಸಮುದ್ರ ಉಕ್ಕಿದಾಗ ಉಪ್ಪು ಒಳಗೆ ಬಂದು ಅವರು ಬಬಾಯ್ ಅನ್ನೋ ಗಡ್ಡೆ ಬೆಳೆಯುವ ಗುಂಡಿಗಳು ಹಾಳಾಗುತ್ತವೆ. ಆಮೇಲೆ ಊಟ ಅಂದರೆ ಆಮದು ಅಕ್ಕಿ, ಮೈದಾ, ಸಕ್ಕರೆ, ಡಬ್ಬಿ ಮಾಂಸ. ಅದರಿಂದ ಶುಗರ್ ಕಾಯಿಲೆ ವಿಪರೀತ. ಬಡತನ ಅಂದರೆ ಒಣಗಿದ ಮೈ ಅಂತ ಮಕ್ಕಳು ಅಂದುಕೊಂಡಿರುತ್ತಾರೆ ಟೀಚರ್. ದಪ್ಪ ಇರುವವರೂ ಬಡವರೇ, ಶುಗರ್‌ನಿಂದ ಕಾಲು ಕಳೆದುಕೊಳ್ಳುವವರೂ ಬಡವರೇ ಅಂತ ದಯವಿಟ್ಟು ಹೇಳಿ.

ವಾಸ್ಕೋ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಪಿರಿಯಡ್ ಇದಕ್ಕೇ ಇಡುತ್ತೇನೆ. ಒಂದು ಸಂಶಯ ಉಳಿಯಿತು. ಲೈಸೆನ್ಸ್ ದುಡ್ಡು ಅಷ್ಟು ಏರಿದ್ದರೆ ಮನೆಗಳಿಗೆ ಏನಾದರೂ ಮುಟ್ಟುತ್ತಿದೆಯಾ? ಮತ್ತೆ ಮೀನನ್ನು ಅಲ್ಲೇ ಡಬ್ಬಿಗೆ ಹಾಕಲು ಆಗಲ್ವಾ?

ಪುಣೆ ಲೆಕ್ಕಪತ್ರ:

ಮುಟ್ಟುತ್ತಿದೆ. ಕೊಬ್ಬರಿಗೆ ಸರ್ಕಾರವೇ ಮಾರುಕಟ್ಟೆಗಿಂತ ಜಾಸ್ತಿ ದರ ಕೊಡುತ್ತದೆ, 2016ರಲ್ಲಿ ಕಿಲೋಗೆ 2 ಆಸ್ಟ್ರೇಲಿಯನ್ ಡಾಲರ್ ಮಾಡಿದರು. ಹೊರ ದ್ವೀಪದವರ ಕೈಗೆ ನಗದು ಬರುವ ದಾರಿ ಮುಖ್ಯವಾಗಿ ಅದೇ. ವೃದ್ಧರಿಗೆ ಪಿಂಚಣಿ ಇದೆ, ಕೆಲಸ ಇಲ್ಲದವರಿಗೂ ತಿಂಗಳ ಸಹಾಯ ಶುರು ಮಾಡಿದ್ದಾರೆ. ಕೆಲವರು ಇದನ್ನು ದಂಡ ಖರ್ಚು ಅಂತಾರೆ, ನನಗೆ ಹಾಗೆ ಅನ್ನಿಸಲ್ಲ. ದುಡ್ಡು ಜನರದ್ದೇ ತಾನೆ. ಆದರೆ ಟ್ಯೂನಾ ನೀರಿನ ಬಿಸಿ ನೋಡಿಕೊಂಡು ಓಡಾಡುವ ಮೀನು. ಎಲ್ ನಿನೊ, ಅಂದರೆ ಪೆಸಿಫಿಕ್ ನೀರು ಹೆಚ್ಚು ಬಿಸಿಯಾಗುವ ವರ್ಷ ಅವರ ಕಡೆ ಬರುತ್ತದೆ, ಇನ್ನೊಂದು ವರ್ಷ ಪಶ್ಚಿಮಕ್ಕೆ ಹೋಗುತ್ತದೆ. ಬಜೆಟ್ ಅದರ ಮೇಲೆ ನಿಂತಿದೆ.

ನವಿ ಮುಂಬೈ ಖಲಾಸಿ:

ನರ್ಸ್ ಅಕ್ಕ ಹೇಳಿದ್ದು ಯೋಚಿಸುವಂಥ ಮಾತು. ಮೀನಿನ ಬಗ್ಗೆ ಹೇಳಬೇಕೆಂದರೆ, ಬೆಟಿಯೊದಲ್ಲಿ ಸಣ್ಣ ಘಟಕ ಇದೆ, ಸರ್ಕಾರದ ಪಾಲೂ ಇದೆ. ಆದರೆ ಹಡಗಿನವರು ಹಿಡಿದ ಟ್ಯೂನಾದಲ್ಲಿ ಬಹಳಷ್ಟು ತರಾವಾ ಲಗೂನಿನಂಥ (ದ್ವೀಪಗಳು ಸುತ್ತುವರಿದ ಶಾಂತ ನೀರು) ಕಡೆ ಇನ್ನೊಂದು ದೊಡ್ಡ ಫ್ರೀಜರ್ ಹಡಗಿಗೆ ದಾಟಿ, ಅಲ್ಲಿಂದ ಬ್ಯಾಂಕಾಕ್‌ನಂಥ ಕಡೆಗೆ ಹೋಗಿ ಡಬ್ಬಿ ಆಗುತ್ತದೆ. ಬ್ಯಾಂಕಾಕ್‌ನಲ್ಲಿ ನೀರು, ಕರೆಂಟ್, ಕೆಲಸಗಾರರು, ಬಂದರು ಎಲ್ಲಾ ಒಂದೇ ಕಡೆ ಸಿಗುತ್ತದೆ. ತರಾವಾದಲ್ಲಿ ಮೊದಲು ನೀರಿನ ಸಮಸ್ಯೆ ಬಗೆಹರಿಯಬೇಕು, ಕಾರ್ಖಾನೆ ಮಾತು ಆಮೇಲೆ.