ಹೆಸರೇ ತಿಳಿಯದ ಪ್ರತಿವಾದಿಗೆ ಸಮನ್ಸ್ ಜಾರಿ: 90 ದಿನಗಳ ಗಡುವು ಸಾಲದಿದ್ದರೆ?

ಪ್ರಶ್ನೆ:
ನಾನು ತಯಾರಿಸಿದ ಪಾಠದ ವಿಡಿಯೊಗಳನ್ನು ಬಿಟ್‌ಟೊರೆಂಟ್‌ನಲ್ಲಿ (ಬಳಕೆದಾರರು ತಮ್ಮತಮ್ಮಲ್ಲೇ ಕಡತ ಹಂಚಿಕೊಳ್ಳುವ ವ್ಯವಸ್ಥೆ) ಹಂಚುತ್ತಿರುವವರ ವಿರುದ್ಧ ಅಮೆರಿಕದ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಕೃತಿಸ್ವಾಮ್ಯದ ದಾವೆ ಹೂಡಿದ್ದೇನೆ. ಕೈಯಲ್ಲಿರುವುದು ಒಂದು ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಮಾತ್ರವಾದ್ದರಿಂದ ಪ್ರತಿವಾದಿಯನ್ನು ‘ಜಾನ್ ಡೋ’ ಎಂದೇ, ಅಂದರೆ ಹೆಸರು ತಿಳಿಯದವರಿಗೆ ಬಳಸುವ ತಾತ್ಕಾಲಿಕ ಹೆಸರಿನಿಂದ, ನಮೂದಿಸಿದ್ದೇನೆ. ಚಂದಾದಾರರ ವಿವರ ಕೇಳಿ ಇಂಟರ್ನೆಟ್ ಕಂಪನಿಗೆ ಸಬ್‌ಪೀನಾ (ಮಾಹಿತಿ ಒದಗಿಸಬೇಕೆಂಬ ಕಾನೂನುಬದ್ಧ ಆದೇಶಪತ್ರ) ಹೋಗಿದ್ದರೂ ಉತ್ತರ ಬಂದಿಲ್ಲ, ಗಡುವು ಹತ್ತಿರವಾಗುತ್ತಿದೆ. ಹೆಸರು ತಿಳಿಯದೆ ಸಮನ್ಸ್ ಜಾರಿ ಮಾಡಲಾಗದೆಂಬುದು ನ್ಯಾಯಾಲಯಕ್ಕೂ ಗೊತ್ತಿರುವಾಗ ಅವಧಿ ತಾನಾಗಿಯೇ ಮುಂದಕ್ಕೆ ಹೋಗುತ್ತದೆಯೇ?

ಮೊದಲ ಉತ್ತರ:
ಹೋಗುವುದಿಲ್ಲ. ಕೇಳಿಕೊಳ್ಳಲೇಬೇಕು, ಅದೂ ಗಡುವು ಮುಗಿಯುವ ಮುನ್ನವೇ. ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮ 4(ಎಂ) ಪ್ರಕಾರ ದಾವೆ ಹೂಡಿದ 90 ದಿನಗಳಲ್ಲಿ ಸಮನ್ಸ್ ಜಾರಿಯಾಗಬೇಕು. 2015ರ ಡಿಸೆಂಬರ್‌ಗೆ ಮೊದಲು ಈ ಅವಧಿ 120 ದಿನಗಳಿತ್ತು. ವಾದಿ ಸಮರ್ಪಕ ಕಾರಣ ತೋರಿಸಿದರೆ ನ್ಯಾಯಾಲಯ ಅವಧಿಯನ್ನು ವಿಸ್ತರಿಸಲೇಬೇಕು. ಅಂಥ ಕಾರಣವಿಲ್ಲದಿದ್ದರೂ ವಿಸ್ತರಿಸುವ ವಿವೇಚನೆ ಅದಕ್ಕಿದೆ ಎಂಬುದನ್ನು ಸುಪ್ರೀಂ ಕೋರ್ಟ್ 1996ರ ಹೆಂಡರ್ಸನ್ ಪ್ರಕರಣದಲ್ಲಿ ಗುರುತಿಸಿತು.

ಆದರೆ ‘ಹೆಸರು ಗೊತ್ತಿಲ್ಲ’ ಎಂಬ ಒಂದೇ ಮಾತನ್ನು ನೆಚ್ಚಿಕೊಳ್ಳಬೇಡಿ. ಕೊಟ್ಟ ಕಾಲವನ್ನು ನೀವು ಹೇಗೆ ಬಳಸಿಕೊಂಡಿರಿ ಎಂಬುದನ್ನೇ ನ್ಯಾಯಾಧೀಶರು ಮುಖ್ಯವಾಗಿ ನೋಡುತ್ತಾರೆ. ನಿಯಮ 26(ಡಿ) ಇರುವುದರಿಂದ ಪ್ರತಿವಾದಿಯೊಂದಿಗೆ ಸಮಾಲೋಚನೆ ನಡೆಯುವ ಮೊದಲೇ ಸಬ್‌ಪೀನಾ ಕಳಿಸಲು ನ್ಯಾಯಾಲಯದ ಅನುಮತಿ ಬೇಕು. ಆ ಅನುಮತಿಯನ್ನು ಕೇಳಿದ್ದು ಯಾವಾಗ, ಅದು ಸಿಕ್ಕಿದ್ದು ಯಾವಾಗ, ಸಬ್‌ಪೀನಾ ಕಂಪನಿಗೆ ತಲುಪಿದ್ದು ಯಾವಾಗ, ಕಂಪನಿ ಉತ್ತರಿಸಬೇಕಾದ ದಿನ ಯಾವುದು ಎಂಬುದನ್ನೆಲ್ಲ ತಾರೀಖು ಸಮೇತ ಪ್ರಮಾಣಿತ ಹೇಳಿಕೆಯಲ್ಲಿ ಬರೆಯಿರಿ. ಆದೇಶ ಸಿಕ್ಕಿಯೂ ಸಬ್‌ಪೀನಾವನ್ನು ವಾರಗಟ್ಟಲೆ ಮೇಜಿನ ಮೇಲೆ ಇಟ್ಟುಕೊಂಡಿದ್ದ ವಾದಿಗೆ ಕಂಪನಿಯ ವಿಳಂಬವನ್ನು ದೂರುವ ಹಕ್ಕು ಬಹಳ ಉಳಿಯುವುದಿಲ್ಲ. ಕಂಪನಿಯ ಮೌನವೆಲ್ಲ ಉದಾಸೀನವೂ ಅಲ್ಲ: ಕೇಬಲ್ ಕಂಪನಿಯಾದರೆ ವಿವರ ಕೊಡುವ ಮುನ್ನ ಚಂದಾದಾರರಿಗೆ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ, ಅವರು ಸಬ್‌ಪೀನಾ ರದ್ದತಿಗೆ ಅರ್ಜಿ ಹಾಕಿದರೆ ಅದು ಇತ್ಯರ್ಥವಾಗುವವರೆಗೆ ಕಾಯಬೇಕಾಗುತ್ತದೆ.

ಎರಡನೆಯ ಉತ್ತರ:
ಮೇಲಿನ ಮಾತಿಗೆ ನನ್ನ ಸಹಮತವಿದೆ, ಆದರೆ ಇದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಸಮನ್ಸ್ ಜಾರಿಯ ಅವಧಿ ವಿಸ್ತರಣೆಯಾದ ಮಾತ್ರಕ್ಕೆ ದಾವೆ ಹೂಡುವ ಕಾಲಮಿತಿ ವಿಸ್ತರಣೆಯಾಗುವುದಿಲ್ಲ. ಕೃತಿಸ್ವಾಮ್ಯದ ದಾವೆಗೆ ಅದು 3 ವರ್ಷ. ಅದು ಮುಗಿದ ಮೇಲೆ ‘ಜಾನ್ ಡೋ’ ಜಾಗದಲ್ಲಿ ನಿಜವಾದ ಹೆಸರನ್ನು ಸೇರಿಸಿದರೆ, ತಿದ್ದುಪಡಿ ಮೂಲ ದಾವೆಯ ದಿನಕ್ಕೇ ಅನ್ವಯವಾಗಬೇಕೆಂದು ನಿಯಮ 15(ಸಿ) ಅಡಿಯಲ್ಲಿ ವಾದಿಸಬೇಕಾಗುತ್ತದೆ. ಆ ನಿಯಮ ಬಯಸುವುದು ಗುರುತಿನ ವಿಷಯದಲ್ಲಾದ ತಪ್ಪನ್ನು. ಹೆಸರು ತಿಳಿಯದಿರುವುದು ತಪ್ಪಲ್ಲ, ಬರೀ ಅಜ್ಞಾನ ಎಂದು ಹೆಚ್ಚಿನ ಫೆಡರಲ್ ಮೇಲ್ಮನವಿ ನ್ಯಾಯಾಲಯಗಳು ಹೇಳಿವೆ. ಗಡುವಿನೊಳಗೆ ಸಮನ್ಸ್ ಜಾರಿಯಾಗದೆ ದಾವೆ ವಜಾ ಆದರೂ ಮತ್ತೆ ಹೂಡಬಹುದೆಂಬ ಧೈರ್ಯ ಕಾಲಮಿತಿ ಬಾಕಿಯಿರುವವರೆಗೆ ಮಾತ್ರ.

ಪ್ರಶ್ನೆ ಕೇಳಿದವರು:
ಕಾಲಮಿತಿಗೆ ಇನ್ನೂ ಸಮಯವಿದೆ. ಹಾಗಾದರೆ ಕಂಪನಿ ಉತ್ತರಿಸುವ ದಿನದವರೆಗೆ ಮಾತ್ರ ವಿಸ್ತರಣೆ ಕೇಳಿದರೆ ಸಾಕೇ?

ಮೂರನೆಯ ಉತ್ತರ:
ಸಾಲದು. ಕಂಪನಿ ಕೊಡುವುದು ಬಿಲ್ ಕಟ್ಟುವವರ ಹೆಸರನ್ನು. ಆ ಸಂಪರ್ಕವನ್ನು ಮನೆಮಂದಿ, ಬಾಡಿಗೆದಾರರು, ಅತಿಥಿಗಳು ಯಾರು ಬೇಕಾದರೂ ಬಳಸಿರಬಹುದು. ಚಂದಾದಾರರೆಂಬ ಒಂದೇ ಆಧಾರದ ಮೇಲೆ ಉಲ್ಲಂಘನೆಯ ಆರೋಪ ನಿಲ್ಲದೆಂದು ಒಂಬತ್ತನೇ ಸರ್ಕಿಟ್ (ಫೆಡರಲ್ ಮೇಲ್ಮನವಿ ನ್ಯಾಯಾಲಯಗಳಲ್ಲೊಂದು) 2018ರ ಕಾಬ್ಲರ್ ನೆವಾಡಾ ತೀರ್ಪಿನಲ್ಲಿ ಹೇಳಿದೆ. ಹೆಸರು ಬಂದ ಮರುದಿನವೇ ಯಾರದೋ ಮನೆಬಾಗಿಲಿಗೆ ಸಮನ್ಸ್ ಕಳಿಸುವುದು ಅನ್ಯಾಯವೂ ಆದೀತು. ಆದ್ದರಿಂದ ವಿವರ ಬರುವ ದಿನದ ಜೊತೆಗೆ ಉಲ್ಲಂಘಿಸಿದವರು ಯಾರೆಂದು ನೀವು ನಡೆಸುವ ವಿಚಾರಣೆಗೆ, ದಾವೆಪತ್ರದ ತಿದ್ದುಪಡಿಗೆ ಮತ್ತು ಜಾರಿಗೆ ಬೇಕಾದ ಕಾಲವನ್ನೂ ಲೆಕ್ಕಹಾಕಿ, ಅರ್ಜಿಯಲ್ಲಿ ಒಂದು ನಿರ್ದಿಷ್ಟ ತಾರೀಖನ್ನೇ ಕೇಳಿ. ಕೊನೆಯಿಲ್ಲದ ವಿಸ್ತರಣೆಯನ್ನು ನ್ಯಾಯಾಧೀಶರು ಒಪ್ಪುವುದು ಕಷ್ಟ. ಆ ತಾರೀಖಿನೊಳಗೆ ಕಂಪನಿ ವಿವರ ಕೊಡದಿದ್ದರೆ, ಮತ್ತೆ ವಿಸ್ತರಣೆ ಕೇಳುವಾಗಲೇ ಸಬ್‌ಪೀನಾವನ್ನು ಪಾಲಿಸುವಂತೆ ಕಂಪನಿಗೆ ಆದೇಶಿಸಬೇಕೆಂಬ ಅರ್ಜಿಯನ್ನೂ ಹಾಕಿ.