ಮೈನರ್‌ಗೆ ಡಿಸ್ಕ್ ಬ್ರೇಕ್ ಹಾಕಿಸಿದ ಮೇಲೆ ಮುಂದಿನ ಚಕ್ರ ಜಾಮ್ ಆಗ್ತಿದೆ

ಮೈಸೂರು ಮೈನರ್: ನನ್ನದು 1960ರ ಮಾರಿಸ್ ಮೈನರ್ 1000 ಕಾರು. ತಾತ ಓಡಿಸುತ್ತಿದ್ದ ಗಾಡಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇತ್ತು. ಎರಡು ತಿಂಗಳ ಹಿಂದೆ ಮುಂದೆ ಮಾತ್ರ ಡಿಸ್ಕ್ ಹಾಕಿಸಿದೆ. ಹೋಸ್ ಹೊಸದು, ಪೆಡಲ್ ತುಳಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ. ಮೊದಲು ಪೆಡಲ್ ತುಂಬಾ ಕೆಳಗೆ ಹೋಗುತ್ತಿತ್ತು. ಗ್ಯಾರೇಜಿನವರು ಏನೋ ಅಡ್ಜಸ್ಟ್ ಮಾಡಿ ಮೇಲೆ ತಂದರು. ಈಗ ಹೊರಟಾಗ ಚೆನ್ನಾಗಿರುತ್ತದೆ. ಐದಾರು ಕಿಲೋಮೀಟರ್ ಹೋದರೆ ಪೆಡಲ್ ಕಲ್ಲಾಗುತ್ತದೆ. ಮೊನ್ನೆ ಚಾಮುಂಡಿ ಬೆಟ್ಟ ಇಳಿಯುವಾಗ ನಂದಿ ಹತ್ತಿರ ನಿಲ್ಲಿಸಿದೆ. ಆಮೇಲೆ ಬ್ರೇಕ್ ಬಿಟ್ಟರೂ ಇಳಿಜಾರಲ್ಲಿ ಗಾಡಿ ಉರುಳಲೇ ಇಲ್ಲ. ಅರ್ಧ ಗಂಟೆ ತಣ್ಣಗಾದ ಮೇಲೆ ಬಿಟ್ಟುಕೊಂಡಿತು.

ಹಾಸನ ಘಾಟಿ: ಇದು ಚೆಕ್ ವಾಲ್ವ್ ಸರ್, ಬೇರೆ ಏನೂ ಅಲ್ಲ. ಡ್ರಮ್ಮಿನ ಮಾಸ್ಟರ್ ಸಿಲಿಂಡರ್ ಒಳಗೆ ತುದಿಯಲ್ಲಿ ಒಂದು ವಾಲ್ವ್ ಇರುತ್ತದೆ. ಬ್ರೇಕ್ ಬಿಟ್ಟ ಮೇಲೂ ಲೈನಿನಲ್ಲಿ ಚದರ ಇಂಚಿಗೆ ಸುಮಾರು 10 ಪೌಂಡ್ ಪ್ರೆಶರ್ ಉಳಿಸುತ್ತದೆ. ಡ್ರಮ್ಮಿನಲ್ಲಿ ಲೈನರ್ ಹಿಂದಕ್ಕೆಳೆಯಲು ಸ್ಪ್ರಿಂಗ್ ಇದೆ, ಹಾಗಾಗಿ ನಡೆಯುತ್ತದೆ. ಪ್ಯಾಡ್ ಒತ್ತಿ ಡಿಸ್ಕ್ ಹಿಡಿಯುವ ಕ್ಯಾಲಿಪರ್‌ನಲ್ಲಿ ಸ್ಪ್ರಿಂಗ್ ಎಲ್ಲಿದೆ? ಪ್ಯಾಡ್ ಉಜ್ಜುತ್ತಲೇ ಇರುತ್ತದೆ.

ಕೆಂಪು ಪದ್ಮಿನಿ: ಬೂಸ್ಟರ್ (ಕಾಲಿನ ಬಲ ಹೆಚ್ಚಿಸುವ ಸಾಧನ) ಹಾಕಿಸಿ. ಡಿಸ್ಕ್ ಅಂದ ಮೇಲೆ ಬೂಸ್ಟರ್ ಬೇಕೇ ಬೇಕು.

ದಾವಣಗೆರೆ ಗ್ಯಾರೇಜ್: ಬೂಸ್ಟರ್ ಬೇಡ ತಮ್ಮಾ. ಅವರ ತೊಂದರೆ ಬ್ರೇಕ್ ಹಿಡಿಯದಿರೋದಲ್ಲ, ಬಿಡದಿರೋದು. ಹಾಸನದವರು ಹೇಳಿದ ವಾಲ್ವ್ ನಿಜ, ಆದರೆ ಈ ಲಕ್ಷಣಕ್ಕೆ ಅದು ಸಾಲದು. 48 ಮಿಲಿಮೀಟರ್ ಪಿಸ್ಟನ್ ಅಂತ ಇಟ್ಟುಕೊಳ್ಳಿ, 10 ಪೌಂಡ್ ಪ್ರೆಶರ್‌ಗೆ ಬರುವ ಒತ್ತು 12–13 ಕೆಜಿ ಅಷ್ಟೇ. ಪ್ಯಾಡ್ ಉಜ್ಜುತ್ತದೆ, ಬಿಸಿಯಾಗುತ್ತದೆ. ಆದರೆ ಇಳಿಜಾರಲ್ಲಿ ಗಾಡಿ ಹಿಡಿದು ನಿಲ್ಲಿಸುವುದಿಲ್ಲ. ಅಲ್ಲದೆ ಅದು ತಣ್ಣಗಿದ್ದಾಗಲೂ ಉಜ್ಜಬೇಕು. ಇವರದು ಬಿಸಿಯಾದಷ್ಟೂ ಬಿಗಿಯಾಗುತ್ತಿದೆ. ಎಣ್ಣೆ ಹಿಗ್ಗಿದಾಗ ಡಬ್ಬಿಗೆ ವಾಪಸ್ ಹೋಗಲು ಮಾಸ್ಟರ್ ಒಳಗೆ ಸೂಜಿ ತೂತಿದೆ. ಅದು ಮುಚ್ಚಿಕೊಂಡಿದೆ ಅನ್ನಿಸುತ್ತದೆ. ‘ಏನೋ ಅಡ್ಜಸ್ಟ್’ ಅಂದರೆ ಪೆಡಲಿನಿಂದ ಮಾಸ್ಟರ್ ಪಿಸ್ಟನ್ ತಳ್ಳುವ ಪುಶ್ ರಾಡ್ ಉದ್ದ ಮಾಡಿರಬೇಕು, ಪಿಸ್ಟನ್ ಪೂರ್ತಿ ಹಿಂದೆ ಬಾರದೆ ತೂತು ಮುಚ್ಚುತ್ತಿದೆ.

ಹಾಸನ ಘಾಟಿ: ಹೋಸ್ ಒಳಗೆ ಊದಿಕೊಂಡರೂ ಹೀಗೇ ಆಗುತ್ತದೆ ಅಲ್ವಾ? ಎಣ್ಣೆ ಹೋಗುತ್ತದೆ, ವಾಪಸ್ ಬರಲ್ಲ.

ದಾವಣಗೆರೆ ಗ್ಯಾರೇಜ್: ಆಗುತ್ತದೆ. ಅದಕ್ಕೇ ಸುಮ್ನೆ ಒಂದೊಂದೇ ಪಾರ್ಟ್ ಬದಲಿಸುವುದು ಬೇಡ, ಪ್ರೆಶರ್ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಿ. ಬೆಟ್ಟಕ್ಕೆ ಹೋಗಬೇಡಿ, ಸಪಾಟು ರಸ್ತೆಯಲ್ಲಿ ಮನೆ ಹತ್ತಿರವೇ ನಿಧಾನಕ್ಕೆ ಓಡಿಸಿ. ಬಿಗಿಯಾದ ಕೂಡಲೇ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮುಂದೆ ಜಾಕ್ ಹಾಕಿ. ಮೊದಲು ಮಾಸ್ಟರ್ ಹತ್ತಿರ ಪೈಪಿನ ನಟ್ ಒಂದು ಎಳೆ ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ತೊಂದರೆ ಮಾಸ್ಟರ್‌ನದು. ಬಿಡದಿದ್ದರೆ ನಟ್ ಬಿಗಿ ಮಾಡಿ, ಕ್ಯಾಲಿಪರ್ ನಿಪ್ಪಲ್ (ಏರ್, ಎಣ್ಣೆ ಹೊರಬಿಡುವ ಸಣ್ಣ ಸ್ಕ್ರೂ) ಸಡಿಲಿಸಿ. ಆಗ ಬಿಟ್ಟರೆ ಹೋಸ್. ಆಗಲೂ ಬಿಡದಿದ್ದರೆ ಪಿಸ್ಟನ್ ಅಥವಾ ಪಿನ್ ಹಿಡಿದಿದೆ. ಕನ್ನಡಕ ಹಾಕಿಕೊಳ್ಳಿ, ಎಣ್ಣೆ ಬಿಸಿ ಇರುತ್ತದೆ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಮೈಸೂರು ಮೈನರ್: ಮಾಡಿದೆ ಅಣ್ಣಾ. ಮಾಸ್ಟರ್ ನಟ್ ಸಡಿಲಿಸಿದ ಕೂಡಲೇ ಎಣ್ಣೆ ಚಿಮ್ಮಿತು, ಎರಡೂ ಚಕ್ರ ತಿರುಗಿದವು. ಪೆಡಲನ್ನು ಬೆರಳಲ್ಲಿ ಒತ್ತಿ ನೋಡಿದೆ, ಖಾಲಿ ಆಟ ಸ್ವಲ್ಪವೂ ಇರಲಿಲ್ಲ. ಪುಶ್ ರಾಡ್ ಗಿಡ್ಡ ಮಾಡಿ ಆಟ ಕೊಟ್ಟೆ. ಈಗ ಹತ್ತು ಕಿಲೋಮೀಟರ್ ಹೋದರೂ ಜಾಮ್ ಆಗಲ್ಲ. ಆದರೆ ಪೆಡಲ್ ಮತ್ತೆ ಕೆಳಗೆ ಹೋಗುತ್ತಿದೆ.

ಕೆಂಪು ಪದ್ಮಿನಿ: ಹಾಗಾದರೆ ದೊಡ್ಡ ಮಾಸ್ಟರ್ ಹಾಕಿಸಿ.

ಲೆಸ್ಟರ್ ಕನ್ನಡಿಗ: ಈಗಲೇ ಬೇಡ. ದೊಡ್ಡ ಬೋರ್‌ಗೆ ಪೆಡಲ್ ಮೇಲೆ ಬರುತ್ತದೆ, ಆದರೆ ಜಾಸ್ತಿ ಬಲ ಹಾಕಿ ತುಳಿಯಬೇಕು. ಉದಾಹರಣೆಗೆ ಒಳವ್ಯಾಸ ಮುಕ್ಕಾಲು ಇಂಚಿನಿಂದ 7/8 ಇಂಚಿಗೆ ಹೋದರೆ ಅದೇ ಬಲಕ್ಕೆ ಪ್ರೆಶರ್ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ನಾನೂ ಇಲ್ಲಿ ಮೈನರ್ ಇಟ್ಟಿದ್ದೇನೆ. ಒಂದು ವಿಷಯ ಹೇಳಿ, ಕ್ಯಾಲಿಪರ್ ನಿಪ್ಪಲ್ ಮೇಲಿದೆಯಾ, ಕೆಳಗಿದೆಯಾ?

ಮೈಸೂರು ಮೈನರ್: ಎರಡೂ ಕಡೆ ಕೆಳಗೆ.

ಲೆಸ್ಟರ್ ಕನ್ನಡಿಗ: ಸಿಕ್ಕಿತು! ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದಾರೆ. ಏರ್ ಮೇಲೆ ಕೂತಿದೆ, ಕೆಳಗಿನ ನಿಪ್ಪಲ್‌ನಿಂದ ನೂರು ಸಲ ಬ್ಲೀಡ್ (ಏರ್ ತೆಗೆಯುವುದು) ಮಾಡಿದರೂ ಹೊರಗೆ ಬರಲ್ಲ. ಆ ಏರ್ ಇರುವುದಕ್ಕೇ ಪೆಡಲ್ ಕೆಳಗೆ ಹೋಗುತ್ತಿತ್ತು, ಅದನ್ನು ಮರೆಮಾಚಲು ಪುಶ್ ರಾಡ್ ಉದ್ದ ಮಾಡಿದ್ದಾರೆ.

ಮೈಸೂರು ಮೈನರ್: ಅದಲು ಬದಲು ಮಾಡಿ ಬ್ಲೀಡ್ ಮಾಡಿದೆವು. ಪೆಡಲ್ ಮೇಲೆ ತಂಗಿ, ನಿಪ್ಪಲ್ ಹತ್ತಿರ ನಾನು. ಬಾಟಲಿಯಲ್ಲಿಟ್ಟ ಪಾರದರ್ಶಕ ಪೈಪಿನಲ್ಲಿ ಮೊದಲು ನೊರೆ ಬಂತು, ಆಮೇಲೆ ಕಡಲೆಕಾಳಿನಷ್ಟು ದಪ್ಪ ಗುಳ್ಳೆಗಳು, ಕೊನೆಗೆ ಬರೀ ಎಣ್ಣೆ. ಪೆಡಲ್ ಈಗ ಅರ್ಧದಲ್ಲೇ ಹಿಡಿಯುತ್ತದೆ, ಗಟ್ಟಿಯಾಗಿದೆ. ಜಾಕ್ ಹಾಕಿ ಚಕ್ರ ತಿರುಗಿಸಿದರೆ ಮಾತ್ರ ಸ್ವಲ್ಪ ಉಜ್ಜುತ್ತದೆ, ತಣ್ಣಗಿದ್ದಾಗಲೂ.

ದಾವಣಗೆರೆ ಗ್ಯಾರೇಜ್: ಬ್ರೇಕ್ ತುಳಿದು ಬಿಡಿ, ಎರಡು ನಿಮಿಷ ಬಿಟ್ಟು ನಿಪ್ಪಲ್ ತೆಗೆದು ನೋಡಿ.

ಮೈಸೂರು ಮೈನರ್: ಸಣ್ಣಗೆ ಚಿಮ್ಮಿತು. ಆಮೇಲೆ ಚಕ್ರ ಸಲೀಸಾಗಿ ಎರಡು ಸುತ್ತು ಬಂತು.

ದಾವಣಗೆರೆ ಗ್ಯಾರೇಜ್: ಇದು ಹಾಸನದವರು ಹೇಳಿದ ವಾಲ್ವ್. ಅವರ ಮಾತೂ ಸರಿಯೇ ಇತ್ತು.

ಹಾಸನ ಘಾಟಿ: ಜಾಮ್ ಆಗಿದ್ದಕ್ಕೆ ಕಾರಣ ನಾನು ತಪ್ಪಾಗಿ ಹೇಳಿದ್ದೆ. ಈಗ ವಾಲ್ವ್ ತೆಗೆದು ಹಾಗೇ ಓಡಿಸಬಹುದಾ?

ಲೆಸ್ಟರ್ ಕನ್ನಡಿಗ: ಬೇಡ. ಮೈನರ್‌ನ ಮಾಸ್ಟರ್ ಇರುವುದು ಡ್ರೈವರ್ ಕಾಲಡಿ, ಕ್ಯಾಲಿಪರ್‌ಗಿಂತ ಕೆಳಗೆ. ಖಾಲಿ ಬಿಟ್ಟರೆ ನಿಂತಾಗ ಎಣ್ಣೆ ಹಿಂದಕ್ಕಿಳಿಯಬಹುದು. ಆಗ ಮೊದಲ ಸಲ ತುಳಿದಾಗ ಪೆಡಲ್ ಆಳಕ್ಕೆ ಹೋಗುತ್ತದೆ. ಒಳಗಿನದು ತೆಗೆದು ಮುಂದಿನ ಲೈನಿಗೆ 2 ಪೌಂಡಿನದು, ಹಿಂದಿನ ಡ್ರಮ್ ಲೈನಿಗೆ 10 ಪೌಂಡಿನದು ಹಾಕಿ. ಮೇಲೆ ಬಾಣದ ಗುರುತು ಇರುತ್ತದೆ, ಅದು ಚಕ್ರದ ಕಡೆ ಇರಬೇಕು. ಮಾಸ್ಟರ್ ಬೋಲ್ಟ್ ಈಚೆ ಬರಲು ಟಾರ್ಷನ್ ಬಾರ್ (ಮುಂದಿನ ಸಸ್ಪೆನ್ಷನ್ನಿನ ಸ್ಪ್ರಿಂಗ್ ಕಂಬಿ) ಅಡ್ಡ ಬರುತ್ತದೆ. ಅದನ್ನು ಸರಿಸದೆ ಬೋಲ್ಟ್ ಹೊಡೆಯಬೇಡಿ.

ಮೈಸೂರು ಮೈನರ್: ಎರಡೂ ವಾಲ್ವ್ ಆರ್ಡರ್ ಮಾಡಿದೆ. ಅವು ಬರುವ ತನಕ ಗಾಡಿ ಶೆಡ್ಡಿನಲ್ಲೇ ಇರುತ್ತದೆ. ಮಾಸ್ಟರ್ ಹೇಗೂ ಬಿಚ್ಚುತ್ತೇನಲ್ಲ, ಒಳಗಿನ ರಬ್ಬರ್ ಕಪ್‌ಗಳನ್ನೂ ಬದಲಿಸುತ್ತೇನೆ.